40 ಡಾಲರ್ ಕೇಳಿದ ತಕ್ಷಣ ಕಾರ್ಡ್ ತೆಗೆಯಬೇಡಿ

"ಮೇಡಂ, ನಿಮ್ಮ ಹತ್ರ ಕ್ರೆಡಿಟ್ ಕಾರ್ಡ್ ಇದೆಯಾ?"

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬಿ.ಎಸ್ಸಿ. ಹುಡುಗನೊಬ್ಬ ಲೈಬ್ರರಿ ಕೌಂಟರಿನ ಮುಂದೆ ನಿಂತು ಹೀಗೆ ಕೇಳಿದ. ಹದಿನೇಳು ವರ್ಷದಿಂದ ತಿಪಟೂರು ಸೀಮೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೇನೆ. ಪೆನ್ನು ಕೇಳಿದವರಿದ್ದಾರೆ, ಛತ್ರಿ ಕೇಳಿದವರಿದ್ದಾರೆ, ಬಸ್ ಚಾರ್ಜಿಗೆ ದುಡ್ಡು ಕೇಳಿದವರೂ ಇದ್ದಾರೆ. ಕ್ರೆಡಿಟ್ ಕಾರ್ಡ್ ಕೇಳಿದವನು ಇವನೇ ಮೊದಲು.

ಅವನ ಮೊಬೈಲ್ ಇಸ್ಕೊಂಡು ನೋಡಿದೆ. ತೆಂಗಿನ ಕಪ್ಪುತಲೆ ಹುಳುವಿನ ಬಗ್ಗೆ ಒಂದು ಸಂಶೋಧನಾ ಪೇಪರ್. ಸಾರಾಂಶದ ಹತ್ತು ಸಾಲು, ಅದರ ಕೆಳಗೆ ಒಂದು ಗುಂಡಿ. ಪೂರ್ತಿ ಓದಬೇಕಾದರೆ 39.95 ಡಾಲರ್, ಅಂದರೆ ಮೂರು ಸಾವಿರ ರೂಪಾಯಿಗೂ ಜಾಸ್ತಿ. ಅವರ ತೋಟದಲ್ಲಿ ಗರಿಗಳೆಲ್ಲ ಬೆಂಕಿ ಬಡಿದ ಹಾಗೆ ಒಣಗಿದ್ದವು. ಪ್ರಾಜೆಕ್ಟಿಗೂ ಅದನ್ನೇ ಹಿಡಿದುಕೊಂಡಿದ್ದ. ಅಪ್ಪನ ಹತ್ರ ಕೇಳೋಕೆ ಮುಜುಗರ, ಅದಕ್ಕೆ ನನ್ನ ಹತ್ರ ಬಂದಿದ್ದ.

"ಕಾರ್ಡ್ ಇದೆ, ಆದ್ರೆ ಕೊಡಲ್ಲ. ಕೂತ್ಕೋ" ಅಂದೆ.

ಅವತ್ತು ಅವನ ಪಕ್ಕ ಕೂತು ಏನೇನು ಮಾಡಿದೆವೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವೂ ಕಾನೂನಿನ ಒಳಗಿನದೇ, ಖರ್ಚು ಸೊನ್ನೆ. ಜೊತೆಗೆ ನಾನೇ ಒಮ್ಮೆ ಟೋಪಿ ಹಾಕಿಸಿಕೊಂಡ ಕಥೆಯೂ ಇದೆ. ಅದು ಆಮೇಲೆ.

ಆ ದುಡ್ಡು ಯಾರ ಜೇಬಿಗೆ?

ಆ 40 ಡಾಲರಿನಲ್ಲಿ ಪೇಪರ್ ಬರೆದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ. ಹುಡುಗ ಇದನ್ನು ನಂಬಲೇ ಇಲ್ಲ. ಕೊಬ್ಬರಿ ಲೆಕ್ಕದಲ್ಲಿ ಹೇಳಿದೆ.

ನಿಮ್ಮಪ್ಪ ಕಾಯಿ ಕೆಡವಿಸಿ, ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸಿ, ಸುಲಿಸಿ, ಉಂಡೆ ಕೊಬ್ಬರಿ ಮಾಡಿ ಮಂಡಿಗೆ ತಂದು ಪುಕ್ಕಟೆ ಕೊಡ್ತಾರೆ ಅಂದ್ಕೋ. ಪಕ್ಕದೂರಿನ ಇಬ್ಬರು ರೈತರು ಬಂದು, ಕೂಲಿ ತಗೊಳ್ಳದೆ, ಇದು ಒಳ್ಳೇದು, ಇದು ಕೌಟು ಅಂತ ಆರಿಸಿಕೊಡ್ತಾರೆ. ಮಂಡಿಯವನು ಚೀಲಕ್ಕೆ ತುಂಬಿ ಮುದ್ರೆ ಒತ್ತುತ್ತಾನೆ. ಆಮೇಲೆ ಹಬ್ಬಕ್ಕೆ ನಿಮ್ಮಮ್ಮನಿಗೆ ಎರಡು ಗಿಟುಕು ಬೇಕಾದ್ರೆ ಅದೇ ಮಂಡಿಗೆ ಹೋಗಿ ಅವನು ಹೇಳಿದ ರೇಟು ಕೊಡಬೇಕು.

"ಯಾವ ದಡ್ಡ ಹಾಗೆ ಮಾಡ್ತಾನೆ ಮೇಡಂ?" ಅಂದ.

ಪ್ರೊಫೆಸರುಗಳು ಮಾಡುತ್ತಾರೆ ಕಣಪ್ಪಾ. ಸಂಶೋಧನೆಗೆ ದುಡ್ಡು ಹೆಚ್ಚಾಗಿ ಸರ್ಕಾರದ್ದು. ಬರೆಯುವವರ ಸಂಬಳವೂ ಅಲ್ಲಿಂದಲೇ. ಪೇಪರ್ ಸರಿ ಇದೆಯಾ ಅಂತ ಪರೀಕ್ಷಿಸುವ ಬೇರೆ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಪ್ರಕಾಶಕರು ಏನೂ ಕೊಡುವುದಿಲ್ಲ. ಆದರೂ ಎಲ್ಲರೂ ಅಲ್ಲಿಗೇ ಕೊಡುವುದು ಯಾಕೆ ಅಂದರೆ, ಕೆಲಸ, ಬಡ್ತಿ, ಮುಂದಿನ ಅನುದಾನ ಎಲ್ಲ ಯಾವ ಜರ್ನಲ್ಲಿನಲ್ಲಿ, ಅಂದರೆ ಯಾವ ಸಂಶೋಧನಾ ಪತ್ರಿಕೆಯಲ್ಲಿ, ಬಂತು ಅನ್ನುವುದರ ಮೇಲೆ ನಿಂತಿದೆ. ಇನ್ನೊಂದು ಮಜಾ ನೋಡಿ. ಸೋಪಿನ ರೇಟು ಜಾಸ್ತಿಯಾದರೆ ಬೇರೆ ಸೋಪು ತರಬಹುದು. ಒಂದು ಪೇಪರ್ ಬದಲಿಗೆ ಇನ್ನೊಂದು ಪೇಪರ್ ಓದಿದರೆ ಆಗುತ್ತದಾ? ಹಾಗಾಗಿ ರೇಟು ಎಷ್ಟು ಏರಿದರೂ ಲೈಬ್ರರಿಗಳು ಹಲ್ಲು ಕಚ್ಚಿಕೊಂಡು ಕೊಟ್ಟವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ರಾಬರ್ಟ್ ಮ್ಯಾಕ್ಸ್‌ವೆಲ್ ಈ ಗುಟ್ಟನ್ನು ಚೆನ್ನಾಗಿ ಹಿಡಿದ. ಅವನು ಬೆಳೆಸಿದ ಪರ್ಗಮಾನ್ ಪ್ರೆಸ್ಸನ್ನು 1991ರಲ್ಲಿ ಎಲ್ಸೆವಿಯರ್ ಅನ್ನುವ ಪ್ರಕಾಶನ ಕಂಪನಿ ಕೊಂಡಿದ್ದು 44 ಕೋಟಿ ಪೌಂಡಿಗೆ. ಇವತ್ತಿಗೂ ಆ ಕಂಪನಿಯ ವಿಜ್ಞಾನ ಪ್ರಕಾಶನದಲ್ಲಿ ನೂರು ರೂಪಾಯಿ ವ್ಯಾಪಾರಕ್ಕೆ ಮೂವತ್ತಕ್ಕಿಂತ ಜಾಸ್ತಿ ಲಾಭ ಉಳಿಯುತ್ತದೆ. ಪ್ರಕಾಶಕರಿಗೆ ಖರ್ಚೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಂಪಾದಕರ ಕಚೇರಿ, ಪುಟ ಕಟ್ಟುವುದು, ಸರ್ವರ್, ಕೃತಿಚೌರ್ಯ ಹಿಡಿಯುವುದು, ಎಲ್ಲಕ್ಕೂ ದುಡ್ಡು ಬೇಕು. ಆದರೆ ಇಷ್ಟು ಬೇಕಾ?

ಇದಕ್ಕೆ ಎದುರಾಗಿಯೇ 2002ರಲ್ಲಿ ಬುಡಾಪೆಸ್ಟ್ ಘೋಷಣೆ ಬಂತು, ಓಪನ್ ಆಕ್ಸೆಸ್ ಅನ್ನುವ ಮಾತು ಓಡಾಡತೊಡಗಿತು. ಮುಕ್ತ ಪ್ರವೇಶ ಅನ್ನಿ. ಪೇಪರ್ ಯಾರು ಬೇಕಾದರೂ ಓದಲಿ, ಇಳಿಸಿಕೊಳ್ಳಲಿ, ಹಂಚಲಿ. ದಾರಿ ಎರಡು. ಬರೆದವರೇ ತಮ್ಮ ಪ್ರತಿಯನ್ನು ಸಾರ್ವಜನಿಕ ಸಂಗ್ರಹದಲ್ಲಿ ಇಡುವುದು ಒಂದು. ಜರ್ನಲ್ಲೇ ಬಾಗಿಲು ತೆರೆದಿಡುವುದು ಇನ್ನೊಂದು. ಓದುಗರಿಗೆ ಮೊದಲನೇ ದಾರಿಯೇ ಚಿನ್ನದ ಗಣಿ, ಯಾಕೆಂದರೆ ಬಾಗಿಲು ಹಾಕಿದ ಜರ್ನಲ್ಲಿನ ಪೇಪರಿಗೂ ಎಷ್ಟೋ ಸಲ ಎಲ್ಲೋ ಒಂದು ತೆರೆದ ಪ್ರತಿ ಇರುತ್ತದೆ.

ಹುಡುಕುವುದು ಹೀಗೆ

ಮೊದಲು ಗೂಗಲ್ ಸ್ಕಾಲರ್. ಮಾಮೂಲಿ ಗೂಗಲ್ ಅಲ್ಲ, ಅದರದೇ ಬೇರೆ ಪುಟ. ಪೇಪರಿನ ಪೂರ್ತಿ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಬಂದ ಫಲಿತಾಂಶದ ಶೀರ್ಷಿಕೆ ಒತ್ತಬೇಡಿ, ಅದು ನಿಮ್ಮನ್ನು ಮತ್ತೆ ಆ 40 ಡಾಲರಿನ ಬಾಗಿಲಿಗೇ ಕರೆದುಕೊಂಡು ಹೋಗುತ್ತದೆ. ಬಲಗಡೆ ನೋಡಿ. ಪಿಡಿಎಫ್ ಅಂತ ಇದ್ದರೆ ಗೆದ್ದಿರಿ. ಇಲ್ಲದಿದ್ದರೆ ಕೆಳಗಿನ ಸಣ್ಣಕ್ಷರದ ಸಾಲಿಗೆ ಬನ್ನಿ. ಅಲ್ಲಿ "ಆಲ್ 6 ವರ್ಷನ್ಸ್" ಅನ್ನುವ ಥರ ಒಂದು ಕೊಂಡಿ ಇರುತ್ತದೆ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಒತ್ತಿದರೆ ಅದೇ ಪೇಪರ್ ಇರುವ ಬೇರೆ ಬೇರೆ ಜಾಗಗಳು ಬರುತ್ತವೆ. ಲೇಖಕರ ಸ್ವಂತ ಪುಟ, ಅವರ ಸಂಸ್ಥೆಯ ಸಂಗ್ರಹ, ಹೀಗೆ.

ನಮ್ಮ ಹುಡುಗನ ಪೇಪರಿಗೆ ಇದ್ದದ್ದು ಎರಡೇ ಪ್ರತಿ. ಎರಡೂ ಬಾಗಿಲು ಹಾಕಿದವೇ. ಆಗ ಹುಡುಕುವ ಪದ ಬದಲಾಯಿಸಿದೆವು. ಅವನು "ಕೋಕೋನಟ್ ಬ್ಲ್ಯಾಕ್ ಹೆಡ್" ಅಂತ ಹಾಕುತ್ತಿದ್ದ. ಹುಳುವಿನ ಶಾಸ್ತ್ರೀಯ ಹೆಸರು ಹಾಕಿಸಿದೆ: ಒಪಿಸಿನಾ ಅರೆನೊಸೆಲ್ಲಾ. ಅದರ ಪಕ್ಕ, ಆ ಹುಳುವನ್ನು ಕೊಲ್ಲಲು ತೋಟಕ್ಕೆ ಬಿಡುತ್ತಾರಲ್ಲ, ಆ ಪುಟ್ಟ ಕಣಜದ ಹೆಸರು: ಗೋನಿಯೋಜಸ್. ಟೈಪ್ ಮಾಡಬೇಕಾದ್ದು ಇಂಗ್ಲಿಷ್ ಅಕ್ಷರದಲ್ಲಿ. ಗುಡ್ಡೆಗಟ್ಟಲೆ ಬಂತು. ಹುಳ, ಗಿಡ, ರೋಗ ಯಾವುದೇ ಇರಲಿ, ಶಾಸ್ತ್ರೀಯ ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕಂಪ್ಯೂಟರಿನಲ್ಲಿ ಹುಡುಕುವವರು ಅನ್‌ಪೇವಾಲ್ ಅನ್ನುವ ಪುಟ್ಟ ಸಲಕರಣೆಯನ್ನು ಬ್ರೌಸರಿಗೆ ಸೇರಿಸಿಕೊಳ್ಳಿ. ಪುಕ್ಕಟೆ. ಜರ್ನಲ್ಲಿನ ಪುಟಕ್ಕೆ ಹೋದ ತಕ್ಷಣ ಬಲ ಅಂಚಿನಲ್ಲಿ ಒಂದು ಬೀಗದ ಚಿತ್ರ ಬರುತ್ತದೆ. ಹಸಿರು ಬೀಗ ಅಂದರೆ ತೆರೆದ ಪ್ರತಿ ಇದೆ, ಒತ್ತಿ. ಬೂದು ಬಣ್ಣ ಅಂದರೆ ಇಲ್ಲ, ಮುಂದಿನ ಮನೆಗೆ ಹೋಗಿ.

ಮುಂದಿನ ಮನೆ ಅಂದರೆ ನಿಮ್ಮ ಕಾಲೇಜೇ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್. 6,300ರಷ್ಟು ಸರ್ಕಾರಿ ಸಂಸ್ಥೆಗಳಿಗೆ ಅನ್ವಯ, 2025ರ ಜನವರಿಯಿಂದ ಶುರು. ಗಾಂಧಿನಗರದಲ್ಲಿರುವ ಗ್ರಂಥಾಲಯ ಜಾಲದ ಕೇಂದ್ರ ಇನ್‌ಫ್ಲಿಬ್‌ನೆಟ್ ನೋಡಿಕೊಳ್ಳುತ್ತದೆ, ಒಳಗೆ ಹೋಗಲು ಅವರದೇ ಇನ್‌ಫೆಡ್ ಅನ್ನುವ ಲಾಗಿನ್ ಬೇಕು. ನೀವು ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದರೆ ಲೈಬ್ರರಿಗೆ ಹೋಗಿ, "ಇನ್‌ಫೆಡ್ ಲಾಗಿನ್ ಮಾಡಿಕೊಡಿ" ಅಂತ ಕೇಳಿ. ನನ್ನಂಥವರು "ನಾಳೆ ಬಾ" ಅಂದರೆ ನಾಳೆಯೂ ಹೋಗಿ. ಖಾಸಗಿ ಕಾಲೇಜಿನವರನ್ನು ಮೊದಲ ಹಂತದಲ್ಲಿ ಸೇರಿಸಿಲ್ಲ. ರೈತರು, ಪತ್ರಕರ್ತರು, ನಿವೃತ್ತ ಮೇಷ್ಟ್ರುಗಳು, ಅವರೂ ಹೊರಗೇ. ಇದೇ ನನಗೆ ಈ ಯೋಜನೆಯ ಮೇಲಿರುವ ಸಿಟ್ಟು. 6,000 ಕೋಟಿ ಕೊಟ್ಟು ಬೀಗದ ಕೀ ಬಾಡಿಗೆಗೆ ತಂದೆವು, ಬೀಗ ಹಾಗೇ ಇದೆ. ಆದರೂ ಕೀ ಕೈಯಲ್ಲಿರುವಾಗ ಉಪಯೋಗಿಸಬೇಕಲ್ವಾ. ಅವತ್ತು ಹುಡುಗನಿಗೆ ಲಾಗಿನ್ ಮಾಡಿಕೊಟ್ಟೆ. ಅವನ ಜರ್ನಲ್ಲಿನ ಪ್ರಕಾಶಕರು ಆ ಮೂವತ್ತರಲ್ಲಿ ಇರಲಿಲ್ಲ. ಅವನ ಗ್ರಹಚಾರ.

ಆಮೇಲೆ ಸಂಗ್ರಹಗಳು. ಕೃಷಿಯಾದರೆ ಕೃಷಿಕೋಶ್, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿವೆ. ನಮ್ಮ ಹುಡುಗನಿಗೆ ಜಾಕ್‌ಪಾಟ್ ಹೊಡೆದಿದ್ದು ಅಲ್ಲೇ. ಅವನು ಹುಡುಕುತ್ತಿದ್ದ ಪೇಪರಿಗಿಂತ ಹತ್ತು ಪಟ್ಟು ದೊಡ್ಡ ಎಂ.ಎಸ್ಸಿ. ಪ್ರಬಂಧ ಸಿಕ್ಕಿತು, ಅದೂ ನಮ್ಮ ಕಡೆಯ ತೋಟಗಳನ್ನೇ ನೋಡಿ ಬರೆದದ್ದು. ಉಳಿದ ವಿಷಯಗಳ ಪಿಎಚ್‌ಡಿ ಪ್ರಬಂಧಕ್ಕೆ ಶೋಧಗಂಗಾ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2009ರಲ್ಲಿ ಮಾಡಿದ ನಿಯಮದಿಂದ ಬೆಳೆದದ್ದು, ಈಗ ಲಕ್ಷಗಟ್ಟಲೆ ಇವೆ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಇವೆ. ಕನ್ನಡದ ಶೀರ್ಷಿಕೆಯನ್ನು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿರುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ಥರ. ಎರಡು ಮೂರು ಕಾಗುಣಿತ ಹಾಕಿ ನೋಡಿ. ಅಧ್ಯಾಯಗಳು ಬಿಡಿಬಿಡಿ ಕಡತದಲ್ಲಿರುತ್ತವೆ, ಒಂದೊಂದಾಗಿ ಇಳಿಸಬೇಕು. ಸ್ವಲ್ಪ ತಾಳ್ಮೆ ಬೇಕು.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಇ-ಪ್ರಿಂಟ್ಸ್ ಸಂಗ್ರಹ 2002ರಿಂದ ಇದೆ. ಕೆಲವು ಕಡತಕ್ಕೆ ಬೀಗ ಇರುತ್ತದೆ, ಅಲ್ಲಿ ಪ್ರತಿ ಕೇಳುವ ಗುಂಡಿ ಒತ್ತಿದರೆ ಲೇಖಕರಿಗೆ ಮನವಿ ಹೋಗುತ್ತದೆ. 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲ್‌ಗಳನ್ನು ಅಕಾಡೆಮಿಯ ಪುಟದಲ್ಲೇ ಓದಬಹುದು. ಬಿ.ಎಸ್ಸಿ. ಮಕ್ಕಳಿಗೆ ನಾನು ಮೊದಲು ತೋರಿಸುವುದು ಅವರ ರೆಸೊನೆನ್ಸ್ ಪತ್ರಿಕೆ. 1996ರಿಂದ ಬಂದ ಸಂಚಿಕೆಗಳು ಅಲ್ಲಿವೆ. ಭೌತಶಾಸ್ತ್ರ, ಗಣಿತದವರು ಆರ್ಕೈವ್ (arXiv) ಅನ್ನುವ ತಾಣ ನೋಡಿ, 1991ರಿಂದ ನಡೆಯುತ್ತಿದೆ. ವೈದ್ಯಕೀಯಕ್ಕೆ ಪಬ್‌ಮೆಡ್ ಸೆಂಟ್ರಲ್. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ದುಡ್ಡಿನಲ್ಲಿ ನಡೆದ ಸಂಶೋಧನೆಯ ಪೇಪರ್‌ಗಳು ಅಲ್ಲಿ ತೆರೆದಿರಬೇಕು ಅಂತ 2008ರಿಂದ ನಿಯಮ ಇದೆ. ಮೊದಲು ವರ್ಷದವರೆಗೆ ತಡ ಮಾಡಬಹುದಿತ್ತು. 2025ರ ಜುಲೈಯಿಂದ ಅದೂ ಇಲ್ಲ.

ಎಲ್ಲಾ ಕೈಕೊಟ್ಟರೆ? ಬರೆದವರನ್ನೇ ಕೇಳಿ

ಹುಡುಗನಿಗೆ ಆ ಪೇಪರ್ ಬೇಕೇ ಬೇಕಿತ್ತು. ಸಾರಾಂಶದ ಪುಟದಲ್ಲಿ ಲೇಖಕರ ಹೆಸರುಗಳ ಪಕ್ಕ ಒಂದು ಪುಟ್ಟ ಲಕೋಟೆಯ ಗುರುತು ಇತ್ತು. ಅದು ಯಾರ ಹೆಸರಿನ ಪಕ್ಕ ಇದೆಯೋ ಅವರಿಗೇ ಪತ್ರ ಬರೆಯಬೇಕು. ಅದನ್ನು ಒತ್ತಿದರೆ ಇ-ಮೇಲ್ ವಿಳಾಸ ಸಿಗುತ್ತದೆ.

ಅವನು ಮೊದಲು ಬರೆದ ಕರಡು "ರೆಸ್ಪೆಕ್ಟೆಡ್ ಸರ್" ಅಂತ ಶುರುವಾಗಿ ಒಂದೂವರೆ ಪುಟ ಓಡಿತ್ತು. ಲೇಖಕರು ಹೆಂಗಸು. ನಾಲ್ಕು ಸಾಲಿಗೆ ಇಳಿಸಿದೆವು. ಇಂಗ್ಲಿಷಿನಲ್ಲಿ ಕಳಿಸಿದ್ದರ ತಿರುಳು ಇಷ್ಟು: ನಾನು ಇಂಥ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿ. ನಿಮ್ಮ ಇಂಥ ಪೇಪರಿನ ಸಾರಾಂಶ ಓದಿದೆ. ನಮ್ಮ ತೋಟದಲ್ಲಿ ಇದೇ ಹುಳು ಇದೆ, ನಮ್ಮ ಕಾಲೇಜಿಗೆ ಈ ಜರ್ನಲ್ ಬರುವುದಿಲ್ಲ. ಓದಲು ಒಂದು ಪ್ರತಿ ಕಳಿಸಿಕೊಡುತ್ತೀರಾ?

ಪೇಪರಿನ ಪೂರ್ತಿ ಶೀರ್ಷಿಕೆ ಇರಲಿ, ಅವರು ನೂರು ಬರೆದಿರುತ್ತಾರೆ. ಜೊತೆಗೆ ಡಿಒಐ ಸಂಖ್ಯೆ ಹಾಕಿ. ಪೇಪರಿನ ಆಧಾರ್ ನಂಬರ್ ಇದ್ದ ಹಾಗೆ ಅದು, ಯಾವಾಗಲೂ 10ರಿಂದ ಶುರುವಾಗುತ್ತದೆ. ಹತ್ತು ದಿನ ಕಾದು ಉತ್ತರ ಬರದಿದ್ದರೆ ಇನ್ನೊಬ್ಬ ಲೇಖಕರಿಗೆ ಬರೆಯಿರಿ. ಸಂಕೋಚ ಬೇಡ. ತಮ್ಮ ಪೇಪರನ್ನು ಯಾರೋ ಓದುತ್ತಾರೆ ಅಂದರೆ ಬರೆದವರಿಗೆ ಖುಷಿಯೇ.

ಇವನಿಗೆ ಮೂರನೇ ದಿನ ಉತ್ತರ ಬಂತು. ಪಿಡಿಎಫ್ ಇತ್ತು. ಕೆಳಗೆ ಒಂದು ಪ್ರಶ್ನೆ: ನಿಮ್ಮ ಮರಗಳಿಗೆ ಎಷ್ಟು ವರ್ಷ, ಕೆಳಗಿನ ಎಷ್ಟು ಗರಿ ಒಣಗಿವೆ? ಹುಡುಗ ಸಂಜೆಯೇ ಊರಿಗೆ ಹೋಗಿ ಗರಿ ಎಣಿಸಿಕೊಂಡು ಬಂದ.

ಪ್ರಕಾಶಕರ ಅನುಮತಿ ಇಲ್ಲದೆ ಪೇಪರ್‌ಗಳನ್ನು ಪುಕ್ಕಟೆ ಕೊಡುವ ಸೈ-ಹಬ್ ತಾಣದ ಬಗ್ಗೆ ಹೇಳಲೇ ಇಲ್ಲ ಅಂತ ನೀವು ಗೊಣಗುತ್ತಿರಬಹುದು. ಮಕ್ಕಳಿಗೆಲ್ಲ ಗೊತ್ತು, ನನಗೂ ಗೊತ್ತು. ಪ್ರಕಾಶಕರು ಅದರ ಮೇಲೆ 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು, 2025ರಲ್ಲಿ ಅದನ್ನು ಭಾರತದಲ್ಲಿ ತಡೆಹಿಡಿಯುವ ಆದೇಶ ಬಂತು. ಸರ್ಕಾರಿ ಲೈಬ್ರರಿಯ ಕಂಪ್ಯೂಟರಿನಲ್ಲಿ ನಾನು ಅದನ್ನು ತೋರಿಸುವುದಿಲ್ಲ.

ನೀವೇ ಬರೆಯುವವರಾದರೆ

ಈಗ ನನ್ನ ಕಥೆ. 2015ರಲ್ಲಿ ಬಡ್ತಿಗೆ ಅಂಕ ಕಮ್ಮಿ ಬಿತ್ತು. ತಾಲ್ಲೂಕಿನ ಶಾಲಾ ಗ್ರಂಥಾಲಯಗಳ ಬಗ್ಗೆ ಒಂದು ಪೇಪರ್ ಬರೆದೆ. ಇಪ್ಪತ್ತೆರಡು ಶಾಲೆ ಸುತ್ತಿದ್ದೆ, ಬೇಸಿಗೆ ರಜೆಯೆಲ್ಲ ಅದಕ್ಕೇ ಹೋಗಿತ್ತು. ಆಗಲೇ ಒಂದು ಜರ್ನಲ್ಲಿನಿಂದ ಇ-ಮೇಲ್ ಬಂತು. ಹೆಸರಿನಲ್ಲಿ "ಇಂಟರ್‌ನ್ಯಾಷನಲ್" ಇತ್ತು, "ಅಡ್ವಾನ್ಸ್ಡ್" ಇತ್ತು, ಎಲ್ಲಾ ವಿಷಯದ ಪೇಪರ್ ತಗೊಳ್ಳುತ್ತೇವೆ ಅಂತಲೂ ಇತ್ತು. ಕಳಿಸಿದೆ. ಎರಡೇ ದಿನಕ್ಕೆ ಒಪ್ಪಿಗೆ. ವಿಮರ್ಶಕರ ಟಿಪ್ಪಣಿ ಎರಡು ಪದ: "ಗುಡ್ ಪೇಪರ್." 2,800 ರೂಪಾಯಿ ಕಟ್ಟಿದೆ. ಒಂದು ಸರ್ಟಿಫಿಕೇಟೂ ಬಂತು, ಬಂಗಾರದ ಬಣ್ಣದ ಅಂಚಿನದು. ನನ್ನ ಹೆಸರಿನ ಒಂದು ಅಕ್ಷರ ತಪ್ಪು. ಮೂರು ವರ್ಷಕ್ಕೆ ಆ ಜರ್ನಲ್ ನಾಪತ್ತೆ. ಈಗ ಆ ವಿಳಾಸ ಹೊಡೆದರೆ ರಮ್ಮಿ ಆಟದ ಜಾಹೀರಾತು ಬರುತ್ತದೆ.

ಇದು ನನ್ನೊಬ್ಬಳ ಪೆದ್ದುತನ ಅಲ್ಲ. ತೆರೆದ ಜರ್ನಲ್‌ಗಳಲ್ಲಿ ಕೆಲವು ಓದುಗರ ಬದಲು ಬರೆದವರ ಹತ್ರ ದುಡ್ಡು ತಗೊಳ್ಳುತ್ತವೆ. ಎಪಿಸಿ ಅನ್ನುತ್ತಾರೆ. ಒಳ್ಳೆಯ ಜರ್ನಲ್‌ಗಳಲ್ಲೂ ಇದು ಇದೆ. ನೇಚರ್ ಪತ್ರಿಕೆ 2021ರಲ್ಲಿ ಒಂದು ಪೇಪರನ್ನು ತೆರೆದಿಡಲು ಇಟ್ಟ ದರ 9,500 ಯೂರೋ, ನಮ್ಮ ಎಂಟು ಲಕ್ಷ ರೂಪಾಯಿಗೂ ಜಾಸ್ತಿ. ಬರೆದವರು ದುಡ್ಡು ಕೊಡುವ ಪದ್ಧತಿ ಬಂತು ಅಂದಮೇಲೆ ಕಳ್ಳರೂ ಬಂದರು. 2013ರಲ್ಲಿ ಜಾನ್ ಬೊಹಾನನ್ ಅನ್ನುವ ಪತ್ರಕರ್ತ, ಬೇಕಂತಲೇ ತಪ್ಪು ತುಂಬಿದ ಸುಳ್ಳು ಪೇಪರನ್ನು 304 ತೆರೆದ ಜರ್ನಲ್‌ಗಳಿಗೆ ಕಳಿಸಿದ. 157 ಒಪ್ಪಿಕೊಂಡವು. ಯುಜಿಸಿ 2018ರ ಮೇ ತಿಂಗಳಲ್ಲಿ ತಾನೇ ಮಾಡಿದ್ದ ಒಪ್ಪಿತ ಜರ್ನಲ್‌ಗಳ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. ಆಮೇಲೆ ಬಂದ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಅದೇ ನಿಲ್ಲಿಸಿತು. ಅಂದರೆ ಈಗ ಪಟ್ಟಿ ನೋಡಿ ಕಳಿಸುವ ಕಾಲ ಹೋಯಿತು. ನಮ್ಮ ಕಣ್ಣಿಂದ ನಾವೇ ನೋಡಬೇಕು.

ನಾನು ಈಗ ನೋಡುವುದು ಹೀಗೆ. ಜರ್ನಲ್ ತಾನಾಗಿ ನಿಮಗೆ ಇ-ಮೇಲ್ ಬರೆದು ಹೊಗಳಿದರೆ ಅಲ್ಲೇ ಅನುಮಾನ ಪಡಿ. ಡಿಒಎಜೆ ಅನ್ನುವ ತೆರೆದ ಜರ್ನಲ್‌ಗಳ ಕೋಶದಲ್ಲಿ ಹೆಸರು ಇದೆಯಾ ನೋಡಿ, ಜರ್ನಲ್ಲಿನ ಗುರುತಿನ ಸಂಖ್ಯೆ ಐಎಸ್‌ಎಸ್‌ಎನ್ ಹಾಕಿಯೇ ನೋಡಿ, ಯಾಕೆಂದರೆ ಒಳ್ಳೆಯ ಜರ್ನಲ್ಲಿನ ಹೆಸರನ್ನೇ ಕದ್ದು ತದ್ರೂಪಿ ಪುಟ ಮಾಡುವವರಿದ್ದಾರೆ. ಸಂಪಾದಕ ಮಂಡಳಿಯ ಒಬ್ಬರನ್ನು ಆರಿಸಿಕೊಂಡು ಅವರ ಕಾಲೇಜಿನ ಪುಟದಲ್ಲಿ ಹುಡುಕಿ. ಅವರ ಪುಟದಲ್ಲಿ ಈ ಜರ್ನಲ್ಲಿನ ಹೆಸರೇ ಇಲ್ಲದಿದ್ದರೆ ಅವರಿಗೇ ಬರೆದು ಕೇಳಿ. ಅಲ್ಲಿ ಬಂದ ಎರಡು ಪೇಪರ್ ಪೂರ್ತಿ ಓದಿ. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ. ನಾನು ಮಾಡಿದ್ದರೆ 2,800 ಉಳಿಯುತ್ತಿತ್ತು.

ಇನ್ನೊಂದು ಮಾತು. ತೆರೆದ ಜರ್ನಲ್ ಅಂದರೆ ದುಡ್ಡು ಕೊಡಲೇಬೇಕು ಅಂತ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಇದೆ. ಡಿಒಎಜೆಯಲ್ಲಿರುವ ಜರ್ನಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರೆದವರ ಹತ್ರ ಏನೂ ತಗೊಳ್ಳುವುದಿಲ್ಲ. ಶುಲ್ಕ ಇಲ್ಲದವನ್ನು ಮಾತ್ರ ತೋರಿಸು ಅಂತ ಅಲ್ಲೇ ಜರಡಿ ಹಿಡಿಯಬಹುದು. ಶುಲ್ಕ ಇದ್ದರೆ, ಪೇಪರ್ ಸಲ್ಲಿಸುವ ಮೊದಲೇ ರಿಯಾಯಿತಿ ಕೇಳಿ. ಒಪ್ಪಿಗೆ ಸಿಕ್ಕಮೇಲೆ ಚೌಕಾಸಿ ನಡೆಯುವುದಿಲ್ಲ.

ಬಾಗಿಲು ಹಾಕಿದ ಜರ್ನಲ್ಲಿಗೇ ಕಳಿಸಬೇಕಾಗಿ ಬಂತಾ? ಕಳಿಸಿ, ಪರವಾಗಿಲ್ಲ. ಆದರೆ ವಿಮರ್ಶಕರು ಹೇಳಿದ ತಿದ್ದುಪಡಿ ಮಾಡಿ, ಒಪ್ಪಿಗೆ ಸಿಕ್ಕ ದಿನ ನಿಮ್ಮ ಹತ್ರ ಇರುತ್ತದಲ್ಲ, ಆ ವರ್ಡ್ ಕಡತ, ಅದನ್ನು ಜೋಪಾನ ಮಾಡಿ. ಜರ್ನಲ್ಲಿನವರು ಪುಟ ಕಟ್ಟಿ ಲೋಗೋ ಹಾಕಿದ ಪಿಡಿಎಫ್ ಅವರದು, ಅದನ್ನು ಎಲ್ಲೆಂದರಲ್ಲಿ ಹಾಕುವಂತಿಲ್ಲ. ವರ್ಡ್ ಪ್ರತಿಯನ್ನು ಮಾತ್ರ ಬಹಳ ಜರ್ನಲ್‌ಗಳು ಸಂಗ್ರಹದಲ್ಲಿಡಲು ಬಿಡುತ್ತವೆ, ಕೆಲವು ತಕ್ಷಣ, ಕೆಲವು ಆರು ತಿಂಗಳೋ ವರ್ಷವೋ ಕಳೆದ ಮೇಲೆ. ಯಾವ ಜರ್ನಲ್ಲಿಗೆ ಏನು ನಿಯಮ ಅಂತ ಶೆರ್ಪಾ ರೋಮಿಯೋ ಅನ್ನುವ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಕೇಂದ್ರದ ಜೈವಿಕ ತಂತ್ರಜ್ಞಾನ, ವಿಜ್ಞಾನ-ತಂತ್ರಜ್ಞಾನ ಇಲಾಖೆಗಳ (ಡಿಬಿಟಿ, ಡಿಎಸ್‌ಟಿ) ಅನುದಾನದಲ್ಲಿ ಮಾಡಿದ ಕೆಲಸವಾದರೆ ಹೀಗೆ ಇಡಬೇಕು ಅಂತ 2014ರಿಂದ ನೀತಿಯೇ ಇದೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಸಂಗ್ರಹ ಇಲ್ಲದಿದ್ದರೆ ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್‌ನವರ ಜೆನೋಡೋ ಸಂಗ್ರಹ ಇದೆ. ಖಾತೆ ತೆರೆಯಲು ಐದು ನಿಮಿಷ. ಕಡತ ಏರಿಸಿ, ಸಿಸಿ ಬೈ ಪರವಾನಗಿ ಆರಿಸಿದರೆ ಯಾರು ಬೇಕಾದರೂ ನಿಮ್ಮ ಹೆಸರು ಹೇಳಿ ಬಳಸಬಹುದು. ಆದರೆ ಜರ್ನಲ್ಲಿಗೆ ಹಕ್ಕು ಬರೆದುಕೊಟ್ಟಿದ್ದರೆ ಅವರು ಒಪ್ಪುವ ಪರವಾನಗಿ ಯಾವುದು ಅಂತ ಮೊದಲು ನೋಡಿಕೊಳ್ಳಿ.

ಆ ರಮ್ಮಿ ಜರ್ನಲ್ಲಿನವರು ನನ್ನಿಂದ ಯಾವ ಹಕ್ಕುಪತ್ರಕ್ಕೂ ಸಹಿ ಹಾಕಿಸಿಕೊಂಡಿರಲಿಲ್ಲ, ಅಷ್ಟೂ ಶ್ರಮ ಅವರಿಗೆ ಬೇಡವಾಗಿತ್ತು. ಹೋದ ದಸರಾ ರಜೆಯಲ್ಲಿ ಹಳೇ ಪೆನ್‌ಡ್ರೈವಿನಿಂದ ಆ ಪೇಪರ್ ತೆಗೆದು, ಇಪ್ಪತ್ತೆರಡು ಶಾಲೆಯ ಕೋಷ್ಟಕ ಮತ್ತೆ ಸರಿ ಮಾಡಿ, ನನ್ನ ಹೆಸರನ್ನು ಸರಿಯಾಗಿ ಬರೆದು ಜೆನೋಡೋಗೆ ಹಾಕಿದೆ. ಈಗ ಅದಕ್ಕೂ ಒಂದು ಡಿಒಐ ಇದೆ. ಇದುವರೆಗೆ 41 ಸಲ ಡೌನ್‌ಲೋಡ್ ಆಗಿದೆ. ಅದರಲ್ಲಿ ಮೂರು ಸಲ ನಾನೇ.